ದಿವಾನ್ ರಂಗಾಚಾರ್ಲು ಅವರೂ ಮೈಸೂರು ಪ್ರಜಾಪ್ರತಿನಿಧಿ ಸಭೆಯೂ

ನಂಗವಳ್ಳಿಯ ನರಸಿಂಹಸ್ವಾಮಿಯ ಗುಡಿಯಿಂದ ಪಶ್ಚಿಮಕ್ಕೆ ಎರಡು ಹರಿದಾರಿ ಹೋದರೆ ಮೇಟ್ಟೂರು. 1934ರಲ್ಲಿ ಮುಗಿದ ಅಲ್ಲಿಯ ಅಣೆಕಟ್ಟಿನ ಹಿಂದೆ ನಿಲ್ಲುವ ನೀರು ಮೈಸೂರು ಸೀಮೆಯಿಂದ ಇಳಿದು ಬಂದುದು. ನೀರು ಬಂದ ಆ ದಿಕ್ಕಿನಿಂದಲೇ ಒಂದು ಕಾಲಕ್ಕೆ ರಾಜಾಜ್ಞೆಯೂ ಬರುತ್ತಿದ್ದಿತು. 17ನೆಯ ಶತಮಾನ ಮುಗಿಯುವ ಹೊತ್ತಿಗೆ ಸೇಲಂ ಸೀಮೆಯ ಬಹುಭಾಗ ಮೈಸೂರು ಒಡೆಯರ ಆಳ್ವಿಕೆಗೆ ಸೇರಿದ್ದಿತು. 1792ರ ಶ್ರೀರಂಗಪಟ್ಟಣದ ಕೌಲಿನಂತೆ ಟಿಪ್ಪು ಸುಲ್ತಾನನು ಬಾರಾಮಹಲನ್ನೂ ಸೇಲಂ ಸೀಮೆಯನ್ನೂ ಇಂಗ್ಲಿಷ್ ಕಂಪನಿಗೆ ಬಿಟ್ಟುಕೊಡಬೇಕಾಯಿತು. ಕ್ಯಾಪ್ಟನ್ ರೀಡ್ ಎಂಬಾತನೂ ಅವನ ಸಹಾಯಕನಾಗಿದ್ದ ಮನ್ರೋ ಎಂಬಾತನೂ ಬಂದು, ಹೊಲಗದ್ದೆಗಳನ್ನು ಅಳೆದು, ರೈತನೊಬ್ಬೊಬ್ಬನಿಂದಲೂ ನೇರವಾಗಿ ಕಂದಾಯ ವಸೂಲು ಮಾಡುವ ಕ್ರಮವನ್ನು ಇಲ್ಲಿ ಆರಂಭಿಸಿದರು. ಮಗ್ಗದ ಮನೆಗಳ ಒಳಗಿನ ಮಾತು ಕನ್ನಡವಾಗಿಯೇ ಉಳಿಯಿತು. ಹುಜೂರು ಕಚೇರಿಯ ಮುಖ ಮಾತ್ರ ಮದರಾಸಿನ ಕಡೆಗೆ ತಿರುಗಿತು.

ಹೀಗೆ ಗೆರೆ ಎಳೆದ ಎಂಬತ್ತೊಂಬತ್ತು ವರ್ಷಗಳ ತರುವಾಯ, ಗೆರೆಯ ಆಚೆಗೆ ಉಳಿದ ಮೈಸೂರಿನಲ್ಲಿ ಒಂದು ವಿಶೇಷ ನಡೆಯಿತು. ಸರ್ಕಾರವು ತನ್ನ ರೈತರನ್ನೂ ವರ್ತಕರನ್ನೂ ತಾನಾಗಿಯೇ ಕರೆಸಿಕೊಂಡು, ಕಳೆದ ವರ್ಷದಲ್ಲಿ ಏನು ಮಾಡಿತೆಂಬುದನ್ನೂ ಮುಂದಿನ ವರ್ಷದಲ್ಲಿ ಏನು ಮಾಡಬೇಕೆಂದಿರುವುದೆಂಬುದನ್ನೂ ಅವರೆದುರಿಗೆ ಒಪ್ಪಿಸಿತು. ಈ ಕಾರ್ಯಕ್ಕೆ ಕಾರಣರಾದವರು ದಿವಾನ್ ಸಿ. ವಿ. ರಂಗಾಚಾರ್ಲು ಅವರು. ನಮ್ಮ ವಿದ್ಯಾರ್ಥಿಗಳಿಗೆ ವಿಧಾನ ಸಭೆಯೆಂದರೆ ಚೆನ್ನೈ ಕೋಟೆಯೊಳಗಿನ ಸಭೆ, ಸಂಸತ್ತೆಂದರೆ ದಿಲ್ಲಿ. ಕನ್ನಡ ನೆಲದಲ್ಲಿ ಇಂತಹ ಸಭೆಯೊಂದು ಕಾಂಗ್ರೆಸ್ಸಿನ ಜನನಕ್ಕಿಂತ ನಾಲ್ಕು ವರ್ಷ ಮುಂಚೆಯೇ ಕೂಡಿದ್ದಿತೆಂದು ಹೇಳಿದರೆ ಅವರಿಗೆ ಆಶ್ಚರ್ಯವಾಗುತ್ತದೆ. ಅದನ್ನು ಕೂಡಿಸಿದವರು ಕನ್ನಡ ದೇಶದಲ್ಲಿ ಹುಟ್ಟಿದವರಲ್ಲವೆಂದು ಕೇಳಿದರೆ ಆಶ್ಚರ್ಯ ಇಮ್ಮಡಿಯಾಗುತ್ತದೆ.

ರಂಗಾಚಾರ್ಲು ಅವರ ಜನನ 1831ರಲ್ಲಿ, ಮದರಾಸಿಗೆ ದಕ್ಷಿಣದಲ್ಲಿರುವ ಚೆಂಗಲ್ಪಟ್ಟು ಜಿಲ್ಲೆಯಲ್ಲಿ. ಹೆಸರಿನ ತುದಿಯ 'ಚಾರ್ಲು' ಎಂಬುದನ್ನು ಕಂಡು ಅವರನ್ನು ಆಂಧ್ರದೇಶದವರೆಂದು ಭಾವಿಸುವವರುಂಟು. ಅವರದು ತಮಿಳು ಸೀಮೆಯ ಶ್ರೀವೈಷ್ಣವ ಮನೆತನ. ತಂದೆ ಕಲೆಕ್ಟರ ಕಚೇರಿಯಲ್ಲಿ ಗುಮಾಸ್ತರು. ಹೇಳಿಕೊಳ್ಳುವಂತಹ ಸಿರಿವಂತಿಕೆಯೇನೂ ಇರಲಿಲ್ಲ. ಬಾಲಕ ರಂಗಾಚಾರ್ಯನು ಮದರಾಸಿಗೆ ಹೋಗಿ ಮೊದಲು ಪಚ್ಚೈಯಪ್ಪನವರ ಪಾಠಶಾಲೆಯಲ್ಲಿಯೂ ಅನಂತರ ಪವೆಲ್ ಎಂಬ ಪ್ರಸಿದ್ಧ ಉಪಾಧ್ಯಾಯರ ಕೈಕೆಳಗೆ ಸರ್ಕಾರಿ ಪ್ರೌಢಶಾಲೆಯಲ್ಲಿಯೂ ಓದಿದನು. ಮದರಾಸಿನಲ್ಲಿ ವಿಶ್ವವಿದ್ಯಾನಿಲಯವು ಸ್ಥಾಪಿತವಾದುದು 1857ರಲ್ಲಿ, ಆದುದರಿಂದ ಬಿ.ಎ. ಎಂಬ ಬಿರುದು ಆ ಪೀಳಿಗೆಯವರಿಗೆ ಎಟುಕುವಂತಿರಲಿಲ್ಲ. ಇಪ್ಪತ್ತು ತುಂಬುವ ಮೊದಲೇ ಅವರು ಕಂದಾಯದ ಇಲಾಖೆಯಲ್ಲಿ ಗುಮಾಸ್ತರಾಗಿ ಸೇರಿದರು; ಕ್ರಮವಾಗಿ ತಹಶೀಲ್ದಾರರೂ ಶಿರಸ್ತೇದಾರರೂ ಆದರು.

ಅವರ ಬುದ್ಧಿಗೆ ಸಾಣೆ ಹಿಡಿದ ಕೆಲಸವೆಂದರೆ ಇನಾಮು ಕಮಿಷನ್ನಿನದು. ಹಿಂದಿನ ದೊರೆಗಳೂ ಪಾಳೆಯಗಾರರೂ ದೇವಾಲಯಗಳಿಗೆ, ಮಠಗಳಿಗೆ, ಪಂಡಿತರಿಗೆ, ಊರ ನೌಕರರಿಗೆ ಬಿಟ್ಟುಕೊಟ್ಟಿದ್ದ ಭೂಮಿಗಳ ಹಕ್ಕುಪತ್ರಗಳನ್ನು ಒಂದೊಂದಾಗಿ ಪರೀಕ್ಷಿಸಿ, ನಿಜವಾದುದನ್ನು ಸ್ಥಿರಪಡಿಸಿ, ಸಂದೇಹಾಸ್ಪದವಾದುದಕ್ಕೆ ಪರಿಹಾರ ಸೂಚಿಸಲು ಮದರಾಸು ಸರ್ಕಾರವು 1858ರ ಸುಮಾರಿಗೆ ಈ ಕಮಿಷನ್ನನ್ನು ನೇಮಿಸಿದ್ದಿತು. ರಂಗಾಚಾರ್ಲು ಅವರು ಅದರ ವಿಶೇಷ ಸಹಾಯಕರು. ತಾಮ್ರಪಟ, ಓಲೆಗರಿ, ಹರಿದ ಸನದು, ಊರ ಹಿರಿಯರ ಸಾಕ್ಷ್ಯ, ಇವುಗಳ ನಡುವೆ ವರ್ಷಗಟ್ಟಲೆ ಕುಳಿತವನಿಗೆ ಒಂದು ಸಂಗತಿ ತಾನಾಗಿ ಮನದಟ್ಟಾಗುತ್ತದೆ: ಸರ್ಕಾರದ ಲೆಕ್ಕದಲ್ಲಿರುವುದು ಒಂದು, ಹಳ್ಳಿಯ ಬಾಯಲ್ಲಿರುವುದು ಇನ್ನೊಂದು. ಎರಡನ್ನೂ ಎದುರುಬದುರಾಗಿ ನಿಲ್ಲಿಸದೆ ಸತ್ಯ ಹೊರಡುವುದಿಲ್ಲ. ಮುಂದೆ ಅವರು ದಿವಾನರಾಗಿ ಮಾಡಿದ ದೊಡ್ಡ ಕಾರ್ಯದ ಬೇರು ಇಲ್ಲಿಯೇ ಇರಬಹುದೆಂದು ನನಗೆ ತೋರುತ್ತದೆ.

ಅನಂತರ ಅವರು ಕಲ್ಲಿಕೋಟೆಯಲ್ಲಿ ಡೆಪ್ಯುಟಿ ಕಲೆಕ್ಟರಾಗಿದ್ದರು. ಅದೇ ಕಲ್ಲಿಕೋಟೆಯ ಕಚೇರಿಯಲ್ಲಿ ಕೆ. ಶೇಷಾದ್ರಿ ಅಯ್ಯರ್ ಎಂಬ ತರುಣನೊಬ್ಬನಿದ್ದನು. ಆತನ ಯೋಗ್ಯತೆಯನ್ನು ಕಂಡುಕೊಂಡ ರಂಗಾಚಾರ್ಲು ಅವರು ತಾವು ಮೈಸೂರಿಗೆ ಬಂದಾಗ ಆತನನ್ನೂ ಬರಮಾಡಿಕೊಂಡರು.

ಮೈಸೂರಿನ ಅಂದಿನ ಸ್ಥಿತಿಯನ್ನು ಇಲ್ಲಿ ಸ್ವಲ್ಪ ನೆನೆಯಬೇಕು. ರಂಗಾಚಾರ್ಲು ಅವರು ಹುಟ್ಟಿದ 1831ನೆಯ ಇಸವಿಯಲ್ಲಿಯೇ, ನಗರ ಪ್ರಾಂತದ ರೈತರ ದಂಗೆಯನ್ನು ನೆವಮಾಡಿಕೊಂಡು, ಗವರ್ನರ್ ಜನರಲ್ ಬೆಂಟಿಂಕನು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ರಾಜ್ಯಾಡಳಿತವನ್ನು ಕಿತ್ತುಕೊಂಡಿದ್ದನು. ಕಮಿಷನರುಗಳ ಆಳ್ವಿಕೆ ಐವತ್ತು ವರ್ಷ ನಡೆಯಿತು. ಕಬ್ಬನ್ ಸಾಹೇಬನಂತಹ ದಕ್ಷರೂ ಅವರಲ್ಲಿದ್ದರೆಂಬುದು ನಿಜ. ಆದರೆ ರಾಜ್ಯ ಪರರದಾಗಿದ್ದಿತು. ಮಹಾರಾಜರು ಬರೆದ ಮನವಿಗಳಿಗೆ ಎಣೆಯಿಲ್ಲ. ಕೊನೆಗೆ ಅವರು 1865ರಲ್ಲಿ ಸ್ವೀಕರಿಸಿದ ದತ್ತುಪುತ್ರನನ್ನು ಬ್ರಿಟಿಷ್ ಸರ್ಕಾರ ಒಪ್ಪಿತು. ಬಾಲಕ ಚಾಮರಾಜೇಂದ್ರರು ಪ್ರಾಪ್ತವಯಸ್ಕರಾದ ಮೇಲೆ ರಾಜ್ಯವನ್ನು ಹಿಂದಕ್ಕೆ ಕೊಡುವುದೆಂದು ನಿಶ್ಚಯವಾಯಿತು. 1868ರ ಮಾರ್ಚಿ 27ರಂದು ಮುಮ್ಮಡಿಯವರು ಕಾಲವಶರಾದರು. ಅರಮನೆಯ ತುಂಬ ಸಾಲ, ಲೆಕ್ಕವಿಲ್ಲದ ಒಡವೆವಸ್ತು, ಹೆಸರಿಗೆ ಮಾತ್ರ ಊಳಿಗವಿದ್ದ ನೂರಾರು ಜನ. ಈ ಗೋಜಲನ್ನು ಬಿಡಿಸಿ ಅರಮನೆಯ ಆಡಳಿತವನ್ನು ಹದಕ್ಕೆ ತರಲು ಕಂಟ್ರೋಲರ್ ಆಗಿ ಕರೆಸಿಕೊಳ್ಳಲ್ಪಟ್ಟವರೇ ರಂಗಾಚಾರ್ಲು ಅವರು. ಇನಾಮು ದಫ್ತರಗಳಲ್ಲಿ ಪಳಗಿದ ಕೈಗೆ ಅರಮನೆಯ ದಫ್ತರ ಕಠಿನವಾಗಲಿಲ್ಲ.

ಸರ್ಕಾರದ ನೌಕರರಾಗಿದ್ದೂ ಅವರು ಬಾಯಿಕಟ್ಟಿ ಕುಳಿತವರಲ್ಲ. ಮೈಸೂರಿನ ಬ್ರಿಟಿಷ್ ಆಡಳಿತವನ್ನು ಕುರಿತು ಅವರು ಬರೆದ ಕಿರುಹೊತ್ತಗೆಯೊಂದು ಲಂಡನ್ನಿನಲ್ಲಿ ಅಚ್ಚಾಯಿತು. ದೊಡ್ಡ ಹುದ್ದೆಗಳೆಲ್ಲವೂ ದೊಡ್ಡ ಸಂಬಳದ ಇಂಗ್ಲಿಷರ ಪಾಲಾಗಿರುವುದನ್ನು ಅದರಲ್ಲಿ ಅವರು ನಿರ್ದಾಕ್ಷಿಣ್ಯವಾಗಿ ಆಕ್ಷೇಪಿಸಿದ್ದರು.

1876ರಲ್ಲಿ ಮಳೆ ಕೈಕೊಟ್ಟಿತು. 1877ರಲ್ಲಿಯೂ ಕೈಕೊಟ್ಟಿತು. ನಮ್ಮ ಸೇಲಂ ಜಿಲ್ಲೆಯೂ ಆ ಕ್ಷಾಮದಲ್ಲಿ ಬೆಂದುಹೋಯಿತೆಂಬುದನ್ನು ಇಲ್ಲಿಯ ವೃದ್ಧರು ತಮ್ಮ ವೃದ್ಧರಿಂದ ಕೇಳಿಬಲ್ಲರು. ಮೈಸೂರಿನ ಮಟ್ಟಿಗೆ ಜನಗಣತಿಯ ಅಂಕಿಗಳೇ ಸಾಕು. 1871ರಲ್ಲಿ ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷಗಳಲ್ಲಿ ಅದು ಬೆಳೆಯಬೇಕಾಗಿದ್ದಿತು; 1881ರ ಗಣತಿಯಲ್ಲಿ ಸಿಕ್ಕಿದವರು 41,86,188 ಮಂದಿ. ಖಜಾನೆಯಲ್ಲಿ ಕೂಡಿಟ್ಟಿದ್ದ ಹಣ ಕರಗಿಹೋಗಿ, ಮೇಲೆ 80 ಲಕ್ಷ ರೂಪಾಯಿ ಸಾಲವಾಯಿತು. ಐವತ್ತು ವರ್ಷಗಳ ಕಮಿಷನ್ ಆಡಳಿತದಲ್ಲಿ ರಸ್ತೆಗಳಾದುವು, ಕಚೇರಿಗಳಾದುವು, ಕಟ್ಟಳೆಗಳಾದುವು. ಆದರೆ ಹಳ್ಳಿಯಲ್ಲಿ ಕಣಜ ಬರಿದಾಗುತ್ತಿದೆಯೆಂಬ ಸುದ್ದಿ ಸರ್ಕಾರದ ಕಿವಿಗೆ ಹೊತ್ತಿನಲ್ಲಿ ಮುಟ್ಟಿಸುವ ದಾರಿಯೊಂದು ಆಗಿರಲಿಲ್ಲ. ಅಮಲ್ದಾರನು ಬರೆದರೆ ಉಂಟು, ಇಲ್ಲದಿದ್ದರೆ ಇಲ್ಲ.

ಇಂತಹ ರಾಜ್ಯವನ್ನು 1881ರ ಮಾರ್ಚಿ 25ರಂದು ಹದಿನೆಂಟು ವರ್ಷದ ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಲಾಯಿತು. ರಂಗಾಚಾರ್ಲು ಅವರು ದಿವಾನರಾದರು. ಹಿಂದಿರುಗಿಸಿದುದು ರಾಜ್ಯವೇ ಆದರೂ ಅದಕ್ಕೆ ಕಟ್ಟಿದ ಹಗ್ಗಗಳು ಅನೇಕ. ವರ್ಷಂಪ್ರತಿ ಕೊಡುತ್ತಿದ್ದ ಇಪ್ಪತ್ನಾಲ್ಕೂವರೆ ಲಕ್ಷದ ಪೊಗದಿಯನ್ನು 35 ಲಕ್ಷಕ್ಕೆ ಏರಿಸಲಾಗಿದ್ದಿತು. ಕ್ಷಾಮವನ್ನು ನೋಡಿ ಏರಿಕೆಯನ್ನು ಐದು ವರ್ಷ ಮುಂದಕ್ಕೆ ಹಾಕಿದ್ದರು, ಅಷ್ಟೆ. ಜಾರಿಯಲ್ಲಿದ್ದ ಕಾಯಿದೆಗಳನ್ನೂ ಆಡಳಿತಕ್ರಮವನ್ನೂ ಗವರ್ನರ್ ಜನರಲರ ಸಮ್ಮತಿಯಿಲ್ಲದೆ ಮುಖ್ಯವಾಗಿ ಬದಲಾಯಿಸುವಂತಿರಲಿಲ್ಲ. ಬೆಂಗಳೂರಿನ ದಂಡು ಪ್ರದೇಶ ಬ್ರಿಟಿಷರ ಕೈಯಲ್ಲಿಯೇ ಉಳಿಯಿತು. ಅರಸು ತರುಣ, ದಿವಾನ ಹೊರಗಿನವನು, ಪ್ರಜೆಗಳು ಹಸಿವಿನಿಂದ ಎದ್ದವರು, ಖಜಾನೆ ಸಾಲದಲ್ಲಿ ಮುಳುಗಿದ್ದುದು. ಇಂತಹ ಸ್ಥಿತಿಯಲ್ಲಿ ಬೇರೆ ಯಾವ ಮಂತ್ರಿಯೇ ಆಗಲಿ ಅಧಿಕಾರವನ್ನು ಮುಷ್ಟಿಯಲ್ಲಿ ಬಿಗಿಹಿಡಿಯಲು ನೋಡುತ್ತಿದ್ದನು. ರಂಗಾಚಾರ್ಲು ಅವರು ಮಾಡಿದುದು ಅದರ ವಿಪರೀತ.

1881ರ ಆಗಸ್ಟ್ 25ರಂದು ಸರ್ಕಾರದ ಆಜ್ಞೆಯೊಂದು ಹೊರಟಿತು. ಅದರ ತಾತ್ಪರ್ಯ ಇಷ್ಟು. ಸರ್ಕಾರದ ಉದ್ದೇಶಗಳು ಯಾರ ಹಿತಕ್ಕಾಗಿ ಉಂಟೋ ಆ ಪ್ರಜೆಗಳಿಗೆ ಅವು ಚೆನ್ನಾಗಿ ತಿಳಿಯಬೇಕೆಂದು ಮಹಾರಾಜರ ಅಪೇಕ್ಷೆ. ಅದಕ್ಕೆ ಮೊದಲ ಹೆಜ್ಜೆಯಾಗಿ ಸಂಸ್ಥಾನದ ಎಲ್ಲ ಭಾಗಗಳಿಂದ ಭೂಮಾಲೀಕರ ಮತ್ತು ವರ್ತಕರ ಪ್ರತಿನಿಧಿಗಳನ್ನು ವರ್ಷಕ್ಕೊಮ್ಮೆ ಕರೆಸಿ, ಹಿಂದಿನ ವರ್ಷದ ಆಡಳಿತದ ಫಲಿತಗಳನ್ನೂ ಮುಂದಿನ ವರ್ಷದ ಕಾರ್ಯಕ್ರಮವನ್ನೂ ಅವರ ಮುಂದಿಡತಕ್ಕದ್ದು. ಪ್ರತಿಯೊಂದು ಜಿಲ್ಲೆಯ ಲೋಕಲ್ ಫಂಡ್ ಬೋರ್ಡು ತಾಲ್ಲೂಕಿಗೆ ಒಬ್ಬಿಬ್ಬರಂತೆ, ತಿಳಿವಳಿಕೆಯೂ ಜನರಲ್ಲಿ ಗೌರವವೂ ಉಳ್ಳ ಸಾಗುವಳಿದಾರರನ್ನೂ, ಜಿಲ್ಲೆಗೆ ಮೂವರು ನಾಲ್ವರಂತೆ ಮುಖ್ಯ ವರ್ತಕರನ್ನೂ, ಜೊತೆಗೆ ತನ್ನ ಸದಸ್ಯರಲ್ಲಿ ಇಬ್ಬರು ಮೂವರನ್ನೂ ಕಳುಹಿಸಿಕೊಡತಕ್ಕದ್ದು. ಸಭೆಯು ಮೈಸೂರಿನಲ್ಲಿ, ದಸರೆ ಮುಗಿದೊಡನೆ ಕೂಡತಕ್ಕದ್ದು. ಬರುವವರಿಗೆ ಬಿಡಾರ ಏರ್ಪಡಿಸಲು ಅನುಕೂಲವಾಗುವಂತೆ ಅವರ ಪಟ್ಟಿಯನ್ನು ಮುಂಚಿತವಾಗಿ ದಿವಾನರಿಗೆ ಕಳುಹಿಸತಕ್ಕದ್ದು.

ದಸರೆಯನ್ನು ಆರಿಸಿದ ಜಾಣ್ಮೆಯನ್ನು ವಾಚಕರು ಗಮನಿಸಬೇಕು. ಸಭೆಗೆ ಬನ್ನಿರೆಂದರೆ ರೈತನು ಹಿಂಜರಿದಾನು. ಅಂಬಾರಿಯ ಮೆರವಣಿಗೆಯನ್ನು ನೋಡಲು ಬನ್ನಿರೆಂದರೆ ಗಾಡಿ ಕಟ್ಟದವರಾರು? ಹಬ್ಬವು ಹೆಚ್ಚಿನ ಆಕರ್ಷಣೆಯಾಗಲೆಂದು ಆಜ್ಞೆಯಲ್ಲಿಯೇ ಹೇಳಿದ್ದಿತು. ಹಳೆಯ ದರ್ಬಾರಿನ ಮರದ ಮೇಲೆಯೇ ಹೊಸ ಬಗೆಯ ಸಭೆಯನ್ನು ಕಸಿಮಾಡಿದಂತಾಯಿತು.

1881ರ ಅಕ್ಟೋಬರ್ 7ರಂದು ಮೊದಲ ಅಧಿವೇಶನ ಕೂಡಿತು. ಬಂದವರು 144 ಮಂದಿ. ರೈಲು ಆಗ ಮೈಸೂರಿನವರೆಗೆ ಬಂದಿರಲಿಲ್ಲ. ಶಿವಮೊಗ್ಗದ ಮಲೆನಾಡಿನಿಂದ, ಚಿತ್ರದುರ್ಗದ ಬಯಲಿನಿಂದ, ಕೋಲಾರದ ಕೆರೆಗಳ ನಾಡಿನಿಂದ ಬಂದವರಿಗೆ ದಾರಿ ಸುಲಭವಾಗಿರಲಿಲ್ಲ. ಅಧ್ಯಕ್ಷಸ್ಥಾನದಲ್ಲಿ ಸ್ವತಃ ದಿವಾನರೇ ಕುಳಿತರು. ಅವರು ಮೊದಲು ಆಡಳಿತದ ವರದಿಯನ್ನು ಒಪ್ಪಿಸುವುದು, ಆಮೇಲೆ ಪ್ರತಿನಿಧಿಗಳು ತಮ್ಮ ತಮ್ಮ ಸೀಮೆಯ ಕೊರತೆಗಳನ್ನು ಅರಿಕೆ ಮಾಡುವುದು, ಸರ್ಕಾರದ ಕಡೆಯಿಂದ ಅದಕ್ಕೆ ಉತ್ತರ ದೊರೆಯುವುದು, ಇದು ಸಭೆಯ ಕ್ರಮ. ಕೆರೆಯ ಏರಿ ಒಡೆದಿದೆ, ಕಾಡಿನ ಅಧಿಕಾರಿಗಳು ದನ ಮೇಯಲು ಬಿಡುತ್ತಿಲ್ಲ, ಸಂತೆಗೆ ಹೋಗುವ ದಾರಿಗೆ ಸೇತುವೆಯಿಲ್ಲ, ಇಂತಹವೇ ಈ ಸಭೆಗೆ ವರ್ಷವರ್ಷವೂ ಬರುತ್ತಿದ್ದ ದೂರುಗಳು. ಇವು ಕ್ಷುಲ್ಲಕವೆಂದು ನಗುವವರು ಹಳ್ಳಿಯಲ್ಲಿ ಬಾಳಿದವರಲ್ಲ. ಅದುವರೆಗೆ ರೈತನ ದೂರು ಶಾನುಭೋಗನಿಂದ ಶೇಕದಾರನಿಗೆ, ಶೇಕದಾರನಿಂದ ಅಮಲ್ದಾರನಿಗೆ, ಅಲ್ಲಿಂದ ಡೆಪ್ಯುಟಿ ಕಮಿಷನರಿಗೆ ಹತ್ತುತ್ತ ಹತ್ತುತ್ತ ಮೆಟ್ಟಿಲಿಗೊಂದರಂತೆ ತೂಕ ಕಳೆದುಕೊಳ್ಳುತ್ತಿದ್ದಿತು. ದೂರು ಅಮಲ್ದಾರನ ಮೇಲೆಯೇ ಆದರಂತೂ ಹತ್ತುವ ಮಾತೇ ಇರಲಿಲ್ಲ. ಈಗ ಕೆಳಗಿನ ಮೆಟ್ಟಿಲಿನವನೂ ಮೇಲಿನ ಮೆಟ್ಟಿಲಿನವನೂ ಒಂದೇ ಚಾವಡಿಯಲ್ಲಿ ಮುಖಾಮುಖಿಯಾದರು.

ಈ ಸಭೆಗೆ ಅಧಿಕಾರವೇನಿದ್ದಿತು? ಯಾವುದೂ ಇರಲಿಲ್ಲ. ಮತ ಹಾಕುವಂತಿಲ್ಲ, ತೆರಿಗೆಯನ್ನು ತಡೆಯುವಂತಿಲ್ಲ, ಕಾಯಿದೆ ಮಾಡುವಂತಿಲ್ಲ. ಸದಸ್ಯರು ಚುನಾಯಿತರಲ್ಲ, ಬೋರ್ಡುಗಳು ಕಳುಹಿಸಿಕೊಟ್ಟವರು. ಕೂಲಿಯವನಿಗೂ ಹರಿಜನನಿಗೂ ಅಲ್ಲಿ ಸ್ಥಾನವಿರಲಿಲ್ಲ. ಹೆಂಗಸರ ಪ್ರಸ್ತಾಪವಂತೂ ಇಲ್ಲವೇ ಇಲ್ಲ. ಆದುದರಿಂದ ಇದು ಬರಿಯ ಬೊಂಬೆಯಾಟವೆಂದು ತಳ್ಳಿಹಾಕುವವರು ಅಂದೂ ಇದ್ದರು, ಇಂದೂ ಇದ್ದಾರೆ. ಅವರ ಮಾತನ್ನು ಅಲ್ಲಗಳೆಯುವಂತಿಲ್ಲ. ಆದರೆ ಶಾಸನಸಭೆಗಳ ವಂಶಾವಳಿಯನ್ನು ಬಲ್ಲವರು ಇದನ್ನು ಬೇರೆ ದೃಷ್ಟಿಯಿಂದ ನೋಡಿಯಾರು. ಪಾರ್ಲಿಮೆಂಟುಗಳ ತಾಯಿಯೆನಿಸಿಕೊಂಡಿರುವ ಇಂಗ್ಲೆಂಡಿನ ಸಭೆ ಹುಟ್ಟಿದುದು ಹೇಗೆ? 1295ರಲ್ಲಿ ಒಂದನೆಯ ಎಡ್ವರ್ಡ್ ದೊರೆಯು ಪ್ರತಿಯೊಂದು ಜಿಲ್ಲೆಯಿಂದ ಇಬ್ಬರು ಭೂಮಾಲೀಕ ವೀರರನ್ನೂ ಪಟ್ಟಣವೊಂದಕ್ಕೆ ಇಬ್ಬರಂತೆ ಪುರಜನರನ್ನೂ ಕರೆಸಿದನು, ಕರೆಸಿದುದು ಹಣಕ್ಕಾಗಿ. ಅವರೂ ಬಂದು ಕೊರತೆಗಳನ್ನು ಹೇಳಿಕೊಂಡರು. ಕೊರತೆ ತೀರಿದ ಹೊರತು ಹಣವಿಲ್ಲವೆನ್ನುವ ಕೆಚ್ಚು ಅವರಲ್ಲಿ ಬೆಳೆಯಲು ಶತಮಾನಗಳೇ ಹಿಡಿದುವು. ತಾಲ್ಲೂಕಿನ ರೈತರು, ಜಿಲ್ಲೆಯ ವರ್ತಕರು ಎಂಬ ರಂಗಾಚಾರ್ಲು ಅವರ ಏರ್ಪಾಡು ಆ ಹಳೆಯ ಏರ್ಪಾಡಿನ ತಮ್ಮನಂತೆಯೇ ಕಾಣುವುದಿಲ್ಲವೇ? ವ್ಯತ್ಯಾಸ ಇಷ್ಟೆ: ಎಡ್ವರ್ಡನು ಪ್ರಜೆಗಳಿಂದ ಹಣ ಕೇಳಲು ಕರೆಸಿದನು, ರಂಗಾಚಾರ್ಲು ಅವರು ಪ್ರಜೆಗಳಿಗೆ ಲೆಕ್ಕ ಹೇಳಲು ಕರೆಸಿದರು.

ಅಂದಿನ ಪ್ರಪಂಚವನ್ನೂ ಒಮ್ಮೆ ಸುತ್ತಿ ನೋಡಬಹುದು. ಮೈಸೂರಿನ ಸಭೆ ಕೂಡಿದಾಗ ಇಂಗ್ಲೆಂಡಿನ ಹಳ್ಳಿಗಾಡಿನ ಕೃಷಿಕಾರ್ಮಿಕನಿಗೆ ಇನ್ನೂ ಮತದ ಹಕ್ಕು ಇರಲಿಲ್ಲ. ಅದು ಬಂದುದು 1884ರ ಸುಧಾರಣೆಯಿಂದ. ಜಪಾನಿನ ಚಕ್ರವರ್ತಿಯು ತನ್ನ ಪ್ರಜೆಗಳಿಗೆ ಶಾಸನಸಭೆಯನ್ನು ಕೊಡುವೆನೆಂದು ವಾಗ್ದಾನ ಮಾಡಿದುದು 1881ರ ಅಕ್ಟೋಬರ್ 12ರಂದು, ಎಂದರೆ ಮೈಸೂರಿನ ಸಭೆ ಕೂಡಿದ ಐದನೆಯ ದಿನ. ಆ ಸಭೆ ಕೂಡಿದುದು 1890ರಲ್ಲಿ. ಭಾರತದ ಇತರ ಸಂಸ್ಥಾನಗಳಲ್ಲಿ ಇಂತಹ ಸಭೆ ಆಗ ಎಲ್ಲಿಯೂ ಇರಲಿಲ್ಲ. ಇನ್ನು ನಾವು ಸೇರಿಹೋಗಿದ್ದ ಮದರಾಸು ಪ್ರಾಂತದ ವಿಚಾರ. 1861ರ ಕಾಯಿದೆಯಂತೆ ಮದರಾಸಿನಲ್ಲಿ ನ್ಯಾಯವಿಧಾಯಕ ಸಭೆಯೊಂದಿದ್ದಿತು; ಗವರ್ನರು ನೇಮಿಸಿದ ಕೆಲವೇ ಮಂದಿ ಅದರ ಸದಸ್ಯರು. ಪರೋಕ್ಷ ಚುನಾವಣೆಯ ಗಾಳಿ ಸುಳಿದುದು 1892ರ ಕಾಯಿದೆಯ ಬಳಿಕ. ಸೇಲಂ ನಗರದ ಸಿ. ವಿಜಯರಾಘವಾಚಾರ್ಯರು, ಮುಂದೆ 1920ರ ನಾಗಪುರದ ಕಾಂಗ್ರೆಸ್ಸಿಗೆ ಅಧ್ಯಕ್ಷರಾದ ಮಹನೀಯರು, ಆ ಸಭೆಗೆ ಹೋದುದು 1895ರಲ್ಲಿ. ಗಡಿಯ ಆಚೆಯ ಕೊಳ್ಳೇಗಾಲವೂ ಅಂದು ಮದರಾಸು ಪ್ರಾಂತಕ್ಕೇ ಸೇರಿದ್ದಿತು. ಅಲ್ಲಿಯ ರೈತನಿಗೂ ನಂಗವಳ್ಳಿಯ ರೈತನಿಗೂ ಇಲ್ಲದಿದ್ದ ಭಾಗ್ಯ, ಕೆಲವೇ ಗಾವುದ ಪಶ್ಚಿಮದಲ್ಲಿದ್ದ ಮಳವಳ್ಳಿ ತಾಲ್ಲೂಕಿನ ರೈತನಿಗೆ ದೊರೆತಿದ್ದಿತು. ಭೂಪಟದ ಮೇಲೆ ಎಳೆದ ಗೆರೆಯು ಮನುಷ್ಯನ ಮಾತಿಗೆ ಎಷ್ಟು ದೂರ ತಂದಿಡಬಲ್ಲದೆಂಬುದನ್ನು ಗಡಿನಾಡಿನವರಾದ ನಮಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಂದು ನಮ್ಮ ಶಾಲೆ, ನಮ್ಮ ಪಠ್ಯಪುಸ್ತಕ, ನಮ್ಮ ಉಪಾಧ್ಯಾಯರ ವಿಚಾರವಾಗಿ ಅರಿಕೆ ಮಾಡಿಕೊಳ್ಳಲು ಸಂವಿಧಾನದ 350ಬಿ ವಿಧಿಯಂತೆ ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಯೆಂಬ ಹುದ್ದೆಯುಂಟು. ಅರ್ಜಿಯನ್ನು ಅಂಚೆಯಲ್ಲಿ ಹಾಕಬಹುದು. ಆದರೆ ಅರ್ಜಿ ಹಾಕಿದವನನ್ನು ಕೂರಿಸಿ, ಅವನ ತಾಲ್ಲೂಕಿನ ಹೆಸರು ಹಿಡಿದು ಕರೆದು, ಉತ್ತರ ಹೇಳುವುದು ಬೇರೆಯ ಮಾತು.

ರಂಗಾಚಾರ್ಲು ಅವರು ನೆಟ್ಟ ಸಸಿ ಮುಂದೆ ಬೆಳೆದ ಬಗೆಯನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. 1887ರಲ್ಲಿ ಸದಸ್ಯರಾಗಲು ಇಂತಿಷ್ಟು ಕಂದಾಯ ಕೊಡುತ್ತಿರಬೇಕೆಂಬ ಮುಂತಾದ ಅರ್ಹತೆಗಳು ಗೊತ್ತಾದುವು. 1891ರಲ್ಲಿ ಚುನಾವಣೆ ಬಂದಿತು. ಎಳೆಯ ಹೆಣ್ಣುಮಕ್ಕಳ ವಿವಾಹವನ್ನು ನಿಷೇಧಿಸಿದ 1894ರ ಕಾಯಿದೆಯು ಜಾರಿಗೆ ಬರುವ ಮೊದಲು ಈ ಸಭೆಯಲ್ಲಿ ಚರ್ಚೆಗೆ ಒಳಗಾಯಿತು. ಆದರೂ ಕಾಯಿದೆ ಮಾಡುವ ಕೆಲಸಕ್ಕೆ ದೊಡ್ಡ ಸಭೆ ತಕ್ಕುದಲ್ಲವೆಂದು 1907ರಲ್ಲಿ ನ್ಯಾಯವಿಧಾಯಕ ಸಭೆಯೆಂಬ ಕಿರಿದಾದ ಇನ್ನೊಂದನ್ನು ಸ್ಥಾಪಿಸಿದರು. ವಿಶ್ವೇಶ್ವರಯ್ಯನವರ ಕಾಲದಲ್ಲಿ ದಸರೆಯ ಅಧಿವೇಶನದ ಜೊತೆಗೆ ಮಹಾರಾಜರ ಹುಟ್ಟುಹಬ್ಬದ ಅಧಿವೇಶನವೂ ಸೇರಿತು. ಅದುವರೆಗೆ ಸರ್ಕಾರದ ಆಜ್ಞೆಯ ಆಧಾರದ ಮೇಲೆ ಮಾತ್ರ ನಿಂತಿದ್ದ ಪ್ರಜಾಪ್ರತಿನಿಧಿ ಸಭೆಗೆ 1923ರಲ್ಲಿ ಕಾಯಿದೆಯ ಬುನಾದಿ ದೊರೆಯಿತು. ಸದಸ್ಯರ ಸಂಖ್ಯೆ 250. ಹೊಸ ಕಾಯಿದೆಗಳ ಮೂಲತತ್ತ್ವವನ್ನೂ ಹೊಸ ತೆರಿಗೆಗಳನ್ನೂ ಮೊದಲು ಈ ಸಭೆಯ ಮುಂದೆ ತರಬೇಕೆಂದಾಯಿತು. 1940ರ ಸುಧಾರಣೆಯಲ್ಲಿ ಸಂಖ್ಯೆ 310ಕ್ಕೆ ಏರಿತು. ಇಷ್ಟೆಲ್ಲ ಆದರೂ ಮಂತ್ರಿಗಳು ಸಭೆಗೆ ಜವಾಬ್ದಾರರಾಗಲಿಲ್ಲವೆಂಬುದನ್ನು ಮರೆಮಾಚಬಾರದು. ದಿವಾನನನ್ನು ಇಳಿಸುವ ಶಕ್ತಿ ಸಭೆಗೆ ಎಂದೂ ಬರಲಿಲ್ಲ. ಲೆಕ್ಕ ಕೇಳಲು ಕಲಿತ ಜನ ಲೆಕ್ಕ ಒಪ್ಪದಿದ್ದರೆ ಮನೆಗೆ ಕಳುಹಿಸುವ ಹಕ್ಕನ್ನೂ ಕೇಳುವುದು ಸಹಜವೇ. ಅದನ್ನು ಕೊಡಿಸಿದುದು ಸಭೆಯ ಭಾಷಣಗಳಲ್ಲ, 1947ರ ಮೈಸೂರು ಚಲೋ ಚಳವಳಿ. ಆ ವರ್ಷದ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಜವಾಬ್ದಾರಿ ಸರ್ಕಾರ ಬಂದಿತು. ಅರುವತ್ತೆಂಟು ವರ್ಷ ನಡೆದ ಪ್ರಜಾಪ್ರತಿನಿಧಿ ಸಭೆಯು 1949ರ ಡಿಸೆಂಬರ್ 16ರಂದು ವಿಸರ್ಜಿತವಾಯಿತು. ಆಮೇಲೆ ವಯಸ್ಕರೆಲ್ಲರ ಮತದಿಂದ 1952ರಲ್ಲಿ 99 ಸದಸ್ಯರ ಮೈಸೂರು ವಿಧಾನ ಸಭೆ ಕೂಡಿತು.

ಪುನಃ ನಮ್ಮ ಚರಿತ್ರನಾಯಕರ ಕಡೆಗೆ ಬರೋಣ. ಅವರ ದಿವಾನಗಿರಿ ನಡೆದುದು ಎರಡು ವರ್ಷಕ್ಕೂ ಕಡಮೆ. ಸಾಲ ತೀರಿಸಬೇಕಾದವನು ಮೊದಲು ಖರ್ಚಿಗೆ ಕತ್ತರಿ ಹಾಕಬೇಕು. ಅವರು ಹಾಕಿದ ಕತ್ತರಿ ಎಲ್ಲರಿಗೂ ಹಿತವಾಗಲಿಲ್ಲ. ಎಂಟು ಜಿಲ್ಲೆಗಳಲ್ಲಿ ಹಾಸನ, ಚಿತ್ರದುರ್ಗಗಳೆರಡನ್ನು ತೆಗೆದುಹಾಕಿ, ಅವನ್ನು ನೆರೆಯ ಜಿಲ್ಲೆಗಳ ಉಪವಿಭಾಗಗಳನ್ನಾಗಿ ಇಳಿಸಿದರು. ನ್ಯಾಯಸ್ಥಾನಗಳೂ ಕಚೇರಿಗಳೂ ಕಡಮೆಯಾದುವು. ಕಚೇರಿ ದೂರವಾದರೆ ರೈತನಿಗೆ ಆಗುವ ಕಷ್ಟವನ್ನು ಅವರಂತಹ ಅನುಭವಿ ಅರಿಯದೆ ಇದ್ದಾರೆಯೇ? ಬೇರೆ ದಾರಿ ಕಾಣದೆ ಮಾಡಿದರೆಂದು ತಿಳಿಯಬೇಕು. ಅವರ ಅನಂತರ 1886ರಲ್ಲಿ ಎರಡು ಜಿಲ್ಲೆಗಳನ್ನೂ ಮತ್ತೆ ಸ್ಥಾಪಿಸಬೇಕಾಯಿತು. ಈ ಒಂದು ವಿಷಯದಲ್ಲಿ ಉಳಿತಾಯಕ್ಕಿಂತ ತೊಂದರೆಯೇ ಹೆಚ್ಚಾಗಿದ್ದಿರಬೇಕು.

ಎಲ್ಲದರಲ್ಲಿಯೂ ಕೈಬಿಗಿಹಿಡಿದ ಅವರು ರೈಲುದಾರಿಯ ವಿಷಯದಲ್ಲಿ ಮಾತ್ರ ಉದಾರಿಗಳು. ಕ್ಷಾಮದಲ್ಲಿ ಜನ ಸತ್ತುದು ದೇಶದಲ್ಲೆಲ್ಲ ಧಾನ್ಯವಿಲ್ಲದೆ ಅಲ್ಲ, ಧಾನ್ಯವನ್ನು ಹೊತ್ತು ತರುವ ಎತ್ತುಗಳೂ ಸತ್ತುಹೋಗಿ. ಬೆಂಗಳೂರಿನಿಂದ ಮೈಸೂರಿನವರೆಗೆ 86 ಮೈಲಿಯ ಕಿರಿದಳಿಯ ದಾರಿ 1882ರಲ್ಲಿ ಪೂರ್ತಿಯಾಯಿತು. ತುಮಕೂರಿನ ಕಡೆಗೂ ದಾರಿ ಹಾಕುವ ಏರ್ಪಾಡು ನಡೆಯಿತು. ಆ ವರ್ಷದ ದಸರೆಯ ಸಭೆಗೆ ದೂರದ ಪ್ರತಿನಿಧಿಗಳಲ್ಲಿ ಅನೇಕರಿಗೆ ಗಾಡಿಯ ಪ್ರಯಾಸ ಸ್ವಲ್ಪಮಟ್ಟಿಗೆ ತಪ್ಪಿತು. ಎರಡನೆಯ ಆ ಅಧಿವೇಶನದಲ್ಲಿ ದಿವಾನರು ಕೈಗಾರಿಕೆಗಳ ಪ್ರಸ್ತಾಪವನ್ನು ವಿಸ್ತಾರವಾಗಿ ಎತ್ತಿದರು. ಬೇಸಾಯವೊಂದನ್ನೇ ನಂಬಿದ ದೇಶಕ್ಕೆ ಮಳೆ ತಪ್ಪಿದೊಡನೆ ಗತಿಯಿಲ್ಲದಾಗುವುದು. ರೈಲೂ ಕಸುಬುಗಳೂ ಜೊತೆಯಾಗಿ ಬೆಳೆಯಬೇಕು ಎಂಬುದು ಅವರ ಅಭಿಪ್ರಾಯವಾಗಿದ್ದಿತು. ನೇಕಾರರ ಊರಿನಲ್ಲಿ ಕುಳಿತು ಇದನ್ನು ಓದುವವರಿಗೆ ಆ ಮಾತಿನ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಅಷ್ಟರಲ್ಲಿ ಅವರ ದೇಹಸ್ಥಿತಿ ಕೆಟ್ಟಿದ್ದಿತು. ಚಿಕಿತ್ಸೆಗಾಗಿ ಮದರಾಸಿಗೆ ಹೋದವರು ಹಿಂದಿರುಗಲಿಲ್ಲ. 1883ರ ಜನವರಿ 20ರಂದು, ಐವತ್ತೆರಡನ್ನು ದಾಟುವ ಮೊದಲೇ, ತೀರಿಕೊಂಡರು. ಮರುವರ್ಷ ಮೈಸೂರಿನಲ್ಲಿ ಅವರ ನೆನಪಿಗಾಗಿ ಕಟ್ಟಿದ ಪುರಭವನಕ್ಕೆ ರಂಗಾಚಾರ್ಲು ಸ್ಮಾರಕ ಭವನವೆಂದು ಹೆಸರಿಟ್ಟರು.

ಅವರ ಸ್ಥಾನಕ್ಕೆ ಬಂದವರು ಕಲ್ಲಿಕೋಟೆಯ ಕಚೇರಿಯಿಂದ ಅವರೇ ಕರೆತಂದಿದ್ದ ಶೇಷಾದ್ರಿ ಅಯ್ಯರ್, ಆಗ ಮೂವತ್ತೇಳು ವರ್ಷದವರು. ಸಭೆಯನ್ನು ಕರೆಯಲೇಬೇಕೆಂದು ಹೊಸ ದಿವಾನರನ್ನು ಕಟ್ಟಿಹಾಕುವ ಕಾಯಿದೆ ಯಾವುದೂ ಇರಲಿಲ್ಲ. ಇದ್ದುದು ಎರಡು ವರ್ಷದ ರೂಢಿ ಮಾತ್ರ. 1883ರ ದಸರೆ ಬಂದಿತು. ತಾಲ್ಲೂಕು ತಾಲ್ಲೂಕಿನ ಪ್ರತಿನಿಧಿಗಳು ಎಂದಿನಂತೆ ಮೈಸೂರಿಗೆ ಬಂದರು, ಶೇಷಾದ್ರಿ ಅಯ್ಯರವರು ಎದ್ದುನಿಂತು ವರ್ಷದ ಲೆಕ್ಕವನ್ನು ಅವರಿಗೆ ಒಪ್ಪಿಸಿದರು.